ಗೋದಾಮಿನವನ ಮನೆಯಲ್ಲಿ ಜರ್ಬಿಲ್

ಮಾರ್ಚ್ 4, ಬೆಳಗ್ಗೆ 6.40
ಬಾಗಿಲ ತನಕ ಹೋಗಿ ಮತ್ತೆ ವಾಪಸ್. ನಿವೃತ್ತಿಯಾಗಿ ಎಂಟು ತಿಂಗಳು. ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಗೋದಾಮಿನ ಬೀಗ ತೆಗೆಯುವ ಹೊತ್ತಾಯಿತೆಂದು ತಾವೇ ಹೊರಡುತ್ತವೆ.

ಇವತ್ತು ಮಗಳು, ಮೊಮ್ಮಗಳು ದೊಡ್ಡ ಆಸ್ಪತ್ರೆಗೆ. ಹುಡುಗಿಯ ಬೆನ್ನುಮೂಳೆ ಡೊಂಕು. ಆಪರೇಷನ್. ಮೂರೋ ನಾಲ್ಕೋ ವಾರ. ಹನ್ನೊಂದು ವರ್ಷದ ಚಿನಕುರುಳಿ. ಅವಳಿಗೆ ಬೆನ್ನಿನ ಚಿಂತೆಯಿಲ್ಲ, ಇಲಿಗಳ ಚಿಂತೆ.

"ಇಲಿ ಅನ್ಬೇಡ ತಾತ. ಜರ್ಬಿಲ್. ಬಾಲದ ತುಂಬಾ ಕೂದಲಿದೆ ನೋಡು."

ಮೂವತ್ತೊಂದು ವರ್ಷ ಧಾನ್ಯದ ಗೋದಾಮು ಕಾದವನು ನಾನು. ಪಾಷಾಣ, ಬೋನು, ದೊಣ್ಣೆ, ಎಲ್ಲವೂ ಈ ಕೈಯಲ್ಲೇ. ಅದೇ ಕೈಗೆ ಈಗ ಗಾಜಿನ ತೊಟ್ಟಿ, ಒಳಗೆ ಎರಡು ಜೀವ. ಕಂದು ಬಣ್ಣದ್ದು ಶುಂಠಿ. ಬೂದು ಬಣ್ಣದ್ದು ಬೂದಿ, ವಯಸ್ಸಾಗಿದೆ.

ಚಪ್ಪಲಿ ಹಾಕಿಕೊಳ್ಳುತ್ತಲೂ ಅವಳ ಪಾಠ. ಬಾಲ ಹಿಡಿದು ಎತ್ತಬಾರದು, ಚರ್ಮ ಕಳಚಿ ಬರುತ್ತದೆ. ನೀರಲ್ಲಿ ಸ್ನಾನ ಮಾಡಿಸಬಾರದು; ಬಟ್ಟಲಲ್ಲಿ ಮರಳಿಟ್ಟರೆ ತಾವೇ ಹೊರಳುತ್ತವೆ. ಮರದ ಹೊಟ್ಟು ಒಂದು ಗೇಣಾದರೂ ಇರಬೇಕು, ಬಿಲ ತೋಡಲು. ಸೂರ್ಯಕಾಂತಿ ಬೀಜ ದಿನಕ್ಕೆ ಎರಡೇ.

"ಕಣ್ಣಲ್ಲೇ ಕೇಳ್ತವೆ ತಾತ. ಕರಗ್ಬೇಡ."

ಮಾರ್ಚ್ 6, ಮಧ್ಯಾಹ್ನ
ಗಾಜಿನ ಮೂಲೆ ಕೆರೆಯುತ್ತವೆ. ಕರಕರ ಕರಕರ. ಎಲ್ಲಿಗೆ ಹೋಗಬೇಕೋ! ಅವು ಕೆರೆಯುತ್ತವೆ, ನಾನು ನಡುಮನೆಯಿಂದ ಅಡುಗೆಮನೆ, ಅಡುಗೆಮನೆಯಿಂದ ನಡುಮನೆ.

ಬೀರು ಬಾಗಿಲು ಜೋರಾಗಿ ಹಾಕಿದೆ. ಶುಂಠಿ ಹಿಂಗಾಲಿನಿಂದ ಟಪಟಪ ಬಡಿಯಿತು. ಇಬ್ಬರೂ ಬಿಲದೊಳಗೆ ಮಾಯ. ಅಪಾಯದ ಗಂಟೆಯಂತೆ ಅದು. ಅಪಾಯ ಎಂದರೆ ನಾನೇ. ತಪ್ಪೇನಿಲ್ಲ ಬಿಡಿ, ನನ್ನ ಹಳೇ ಕಡತ ಓದಿರಬೇಕು...

ಮಾರ್ಚ್ 9
9.30 — ಹುಡುಗಿಯನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದರಂತೆ.
11.00 — ಫೋನಿಲ್ಲ.
12.15 — ಇಲ್ಲ. ಸುಮ್ಮನೆ ತೊಟ್ಟಿಯೊಳಗೆ ಕೈ ಇಟ್ಟೆ. ಬಹಳ ಹೊತ್ತು. ಶುಂಠಿ ಬಂದು ಬೆರಳು ಮೂಸಿ, ಅಂಗೈ ಮೇಲೆ ಹತ್ತಿ ಕೂತಿತು. ಭಾರವೇ ಇಲ್ಲ. ಎದೆ ಮಾತ್ರ ಡವಡವ. ಅದರದೋ ನನ್ನದೋ.
2.40 — ಮಗಳು. "ಆಯ್ತಪ್ಪ. ಕಾಲ್ಬೆರಳು ಅಲ್ಲಾಡಿಸಿದ್ಲು." ಇವತ್ತು ಒಂದೊಂದಕ್ಕೂ ಮೂರನೇ ಬೀಜ.

ಮಾರ್ಚ್ 14, ಬೆಳಗ್ಗೆ 7.00
ಬೂದಿ ಸತ್ತಿದೆ.

7.30
ಮುದಿ ಜೀವ, ವಯಸ್ಸು ಮುಗಿಯಿತು ಅಂದುಕೊಂಡೆ. ಆಮೇಲೆ ತೊಟ್ಟಿಗೆ ತಲೆಕೆಳಗಾಗಿ ನೇತುಹಾಕಿದ ನೀರಿನ ಬಾಟಲಿ ನೋಡಿದೆ. ತುಂಬಿತ್ತು. ದಿನವೂ ತುಂಬೇ ಇತ್ತು, ದಿನವೂ ನೋಡಿ ನಿಶ್ಚಿಂತನಾಗಿದ್ದೆ. ಇಳಿಯುತ್ತಿಲ್ಲವಲ್ಲ ಎಂದು ಹೊಳೆಯಲಿಲ್ಲ. ನಳಿಕೆಯ ಬಾಯಲ್ಲಿರುವ ಗುಂಡು ಕಚ್ಚಿಕೊಂಡಿದೆ, ನೆಕ್ಕಿದರೂ ಹನಿ ಬೀಳದು. ಎಷ್ಟು ದಿನದಿಂದಲೋ.

ಬಟ್ಟಲಲ್ಲಿ ನೀರಿಟ್ಟೆ. ಶುಂಠಿ ಕುಡಿಯಿತು. ಕುಡಿಯುತ್ತಲೇ ಇತ್ತು. ನೋಡಲಾಗಲಿಲ್ಲ.

ವಿಷ ಇಟ್ಟು ಸಾವಿರ ಇಲಿ ಕೊಂದಿದ್ದೇನೆ. ಒಂದು ದಿನ ಅನ್ನ ಬಿಟ್ಟವನಲ್ಲ. ಇವತ್ತು ತುತ್ತು ಇಳಿಯುತ್ತಿಲ್ಲ.

ಮಗಳಿಗೆ ಹೇಳಿದೆ. "ಅವಳಿಗೆ ಈಗ ಹೇಳ್ಬೇಡಿ. ಅದೇ ಬಣ್ಣದ್ದು ಇನ್ನೊಂದು ತಂದಿಟ್ಬಿಡಿ ಅಪ್ಪ."

ಹೂಂ ಅಂದೆ.

ಮಾರ್ಚ್ 15
ಅಂಗಡಿಯಾಕೆ ಬೂದು ಬಣ್ಣದ್ದೇ ಕೊಟ್ಟಳು. ಮರಿ. ಡಬ್ಬಿಯೊಳಗೆ ಕುಣಿಯುತ್ತಿತ್ತು.

"ಜರ್ಬಿಲ್ ಒಂದೇ ಇದ್ರೆ ಕೊರಗುತ್ತೆ, ಜೊತೆ ಬೇಕೇ ಬೇಕು. ಆದ್ರೆ ಸೀದಾ ಒಟ್ಟಿಗೆ ಬಿಟ್ಟೀರ, ಜೋಕೆ! ಗುರುತಿಲ್ದಿದ್ರೆ ಕಚ್ಚಾಡಿ ಸಾಯ್ತವೆ."

ತೊಟ್ಟಿಯ ನಡುವೆ ತಂತಿ ಜಾಲರಿ. ದಿನಕ್ಕೆರಡು ಸಲ ಇದನ್ನು ಅತ್ತ, ಅದನ್ನು ಇತ್ತ. ಒಂದರ ವಾಸನೆ ಇನ್ನೊಂದಕ್ಕೆ ಒಗ್ಗಬೇಕು. ಎಂಟ್ಹತ್ತು ದಿನ. ಜಾಲರಿಗೆ ಮೂತಿ ಒತ್ತಿ ಇಬ್ಬರೂ ಹಲ್ಲು ಮಸೆಯುತ್ತಿದ್ದಾರೆ.

ಮಾರ್ಚ್ 18
ವಿಡಿಯೋ ಕಾಲ್. ಶುಂಠಿಯನ್ನು ತೋರಿಸಿದೆ.

"ಬೂದಿ ಎಲ್ಲಿ?"

"ಮಲಗಿದೆ ಕಂದ."

"ನಿನ್ನೇನೂ ಮಲಗಿತ್ತು!"

"ನಿದ್ದೆ ಅಂದ್ರೆ ಪ್ರಾಣ ಅದಕ್ಕೆ."

ಎಂಥ ಮಾತು ಬಂತು ಬಾಯಲ್ಲಿ! ಫೋನ್ ಇಟ್ಟ ಮೇಲೆ ಬೀದಿ ಕೊನೆಯವರೆಗೆ ನಾಲ್ಕು ಸಲ ನಡೆದೆ.

ಮಾರ್ಚ್ 21, ಸಂಜೆ 5.00
ಹೇಳಿಬಿಟ್ಟೆ.

ಹೇಳಬೇಕೆಂದು ಕೂತಿರಲಿಲ್ಲ. ಮಗಳು ಔಷಧಿ ತರಲು ಹೋಗಿದ್ದಳು. ವಿಡಿಯೋ ಕಾಲ್‌ನಲ್ಲಿ ಹುಡುಗಿ ಮೆಲ್ಲಗೆ ಕೇಳಿದಳು: "ತಾತ, ನಾನು ಮೊದ್ಲಿನ ಹಾಗೆ ನಡೀತೀನಾ? ಅಮ್ಮನ್ನ ಏನು ಕೇಳಿದ್ರೂ ಎಲ್ಲಾ ಸರಿಹೋಗುತ್ತೆ ಅಂತಾಳೆ. ನೀನು ಸುಳ್ಳು ಹೇಳಲ್ಲ ಅಲ್ವಾ?"

ನಡೀತೀಯ ಅಂತ ಡಾಕ್ಟರು ಹೇಳಿದಾರೆ, ಆದ್ರೆ ಸಮಯ ಹಿಡಿಯುತ್ತೆ, ನೋವೂ ಇರುತ್ತೆ, ಅಂದೆ. ಅವಳು ಅದನ್ನು ನಂಬಬೇಕಾದರೆ ಇನ್ನೊಂದನ್ನೂ ಹೇಳಲೇಬೇಕಾಯಿತು. ಬೂದಿ, ಬಾಟಲಿ, ನನ್ನ ಅಲಕ್ಷ್ಯ, ಹೊಸ ಮರಿ. ಏನೂ ಮುಚ್ಚಿಡಲಿಲ್ಲ.

ಅವಳ ಕೈಯ ಫೋನ್ ಹಾಸಿಗೆ ಮೇಲೆ ಬಿತ್ತು. ಪರದೆಯಲ್ಲಿ ಆಸ್ಪತ್ರೆಯ ಫ್ಯಾನ್ ತಿರುಗುತ್ತಿತ್ತು, ಅವಳು ಅಳುತ್ತಿದ್ದದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

6.10 — ಮಗಳು. "ಎರಡು ದಿನ ತಡ್ಕೊಳೋಕೆ ಆಗ್ಲಿಲ್ವಾ ನಿಮ್ಗೆ?"

ಮಾರ್ಚ್ 25, ಬೆಳಗ್ಗೆ 11.00
ನಾಲ್ಕು ದಿನ. ಕಾಲ್ ಇಲ್ಲ. ನಾನಾಗಿ ಮಾಡಿದರೆ "ಮಲಗಿದಾಳೆ" ಎನ್ನುತ್ತಾಳೆ ಮಗಳು. ಇರಬಹುದು.

ಜಾಲರಿ ತೆಗೆದೆ. ಚರ್ಮದ ಕೈಗವಸು ಹಾಕಿ ಪಕ್ಕದಲ್ಲೇ ಕೂತೆ. ಮರಿ ಹತ್ತಿರ ಹೋಯಿತು. ಶುಂಠಿ ಮೈ ಉಬ್ಬಿಸಿತು. ನಡುವೆ ಕೈ ಚಾಚಿದೆ. ಮರಿ ತಲೆ ತಗ್ಗಿಸಿ ಅದರ ಮೂತಿ ಕೆಳಗೆ ತೂರಿತು... ಶುಂಠಿ ಅದರ ಕಿವಿ ನೆಕ್ಕತೊಡಗಿತು.

ಒಂದು ಗಂಟೆ ಅವುಗಳ ಮೇಲಿಂದ ಕಣ್ಣು ಕೀಳಲಿಲ್ಲ. ಒಂದರ ಮೇಲೊಂದು ಬಿದ್ದು ಮಲಗಿವೆ. ಹೇಳಿಕೊಳ್ಳಲು ಯಾರೂ ಇಲ್ಲ.

ಮಾರ್ಚ್ 27
ಮೊಮ್ಮಗಳೇ ಕಾಲ್ ಮಾಡಿದಳು! ನಮಸ್ಕಾರವಿಲ್ಲ, ಕ್ಷೇಮವಿಲ್ಲ.

"ಹೊಸದಕ್ಕೆ ಹೆಸರಿಟ್ಯಾ?"

"ಅದು ನಿನ್ನ ಕೆಲಸ."

"ನೋಡ್ದೆ ಹೇಗಿಡ್ಲಿ? ಬರ್ತೀನಿ ತಡಿ." ಮತ್ತೆ ಅವಳೇ: "ನಾನಿನ್ನೂ ಕೋಪದಲ್ಲೇ ಇದೀನಿ."

"ಇರ್ಬೇಕು."

"ಇವತ್ತು ಎಬ್ಬಿಸಿ ನಿಲ್ಲಿಸಿದ್ರು ತಾತ. ಸಿಕ್ಕಾಪಟ್ಟೆ ನೋವು. ನೀನು ಹೇಳಿದ್ಯಲ್ಲ, ಅದಕ್ಕೇ ಹೆದರ್ಲಿಲ್ಲ."

ಏಪ್ರಿಲ್ 2, ಬೆಳಗ್ಗೆ 10.20
ಆಟೋ ಬಂತು. ಕೆಳಗಿಂದಲೇ ಕೂಗಿದಳು: "ತಾತ ಇಳಿದು ಬರ್ಬೇಡ! ನಾನೇ ಹತ್ತಬೇಕು ಅಂದಿದಾರೆ ಡಾಕ್ಟರು!" ಮಗಳ ಧ್ವನಿ: "ಅಪ್ಪ, ಅಲ್ಲೇ ಕೂತಿರಿ." ಕಾಲು ಓಡದಿರಲಿ ಎಂದು ಈ ಡೈರಿ ಹಿಡಿದು ಬರೆಯುತ್ತ ಕೂತಿದ್ದೇನೆ.

ಹನ್ನೊಂದು ಮೆಟ್ಟಿಲು. ಒಂದು. ಎರಡು... ನಿಧಾನ. ಮೂರು. ನಾಲ್ಕು, ಉಸಿರು ಕೇಳಿಸುತ್ತಿದೆ. ಐದು. ನಿಂತಳು. "ಎತ್ಕೊಳ್ಳಾ?" ಎಂದಳು ಮಗಳು. "ಬೇಡ!" ಆರು. ಏಳು. ಎಂಟು. ಒಂಬತ್ತು. ಗೋಡೆಯ ಮೇಲೆ ಅವಳ ಕೈ ಜಾರುವ ಸದ್ದು. ಹತ್ತು. ಬಾಗಿಲಾಚೆ ನೆರಳು... ಎಷ್ಟು ಎತ್ತರ ಆಗಿದ್ದಾಳೆ! ಹನ್ನೊಂ