ಗೆದ್ದಲು ತಿಂದ ಅಧ್ಯಾಯ

ಮನೆ, ಬೈಂಡಿಂಗ್ ಕೋಣೆ
ಬುಧವಾರ, ೧೪ನೇ ತಾರೀಕು, ಬೆಳಿಗ್ಗೆ

ನನ್ನ ಗುಬ್ಬೀ,

ಹೇಗಿದ್ದೀಯಮ್ಮ? ಕೆಮ್ಮು ನಿಂತಿತೇ? ಹೊಸ ಬೂಟು ಹಿಮ್ಮಡಿ ಕಚ್ಚುತ್ತಿದೆ ಎಂದಿದ್ದೆ, ಎರಡು ಜೊತೆ ಕಾಲುಚೀಲ ಹಾಕಿಕೊ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ ನಿನ್ನ ಅಮ್ಮ ಚೆನ್ನಾಗಿದ್ದಾಳೆ. ನಾನು ನಿನ್ನೆ ಶಾಲೆಯ ಹಾಜರಿ ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿ, ಕಿತ್ತು, ಮತ್ತೆ ತಲೆಕೆಳಗಾಗಿಯೇ ಅಂಟಿಸಿದೆ. "ಏನ್ರೀ, ಮೈಮೇಲೆ ಜ್ಞಾನ ಇದ್ಯಾ?" ಎಂದಳು.

ನಿನ್ನ ಕಾಗದ ಸೋಮವಾರ ಬಂತು. ನೂರೈವತ್ತು ವರ್ಷದ ಹಿಂದೆ ಹೂವು, ಪಾಚಿ, ಕಲ್ಲು ನೋಡುತ್ತ ಕಾಡುಬೆಟ್ಟ ಸುತ್ತಿ ಪುಸ್ತಕ ಬರೆದ ಆ ಪುಣ್ಯಾತ್ಮ, ನಮ್ಮ ಬೆಟ್ಟದಜ್ಜ, ನಡೆದ ದಾರಿಯಲ್ಲೇ ನೀನೂ ನಡೆಯುತ್ತಿದ್ದೀಯ. ಅವನು ಕಂಡ ಹಳದಿ ಹೂವು ಅದೇ ಬಂಡೆಯ ಸಂದಿಯಲ್ಲಿ ಈಗಲೂ ಇದೆ ಎಂದು ಓದಿ ಕಣ್ಣು ತುಂಬಿತು. ರದ್ದಿ ಅಂಗಡಿಯಲ್ಲಿ ಸಿಕ್ಕಾಗ ಆ ಪುಸ್ತಕಕ್ಕೆ ಬೆನ್ನೇ ಇರಲಿಲ್ಲ. ನಾನೇ ಪೂರ್ತಿ ಬಿಚ್ಚಿ, ಹೊಸದಾಗಿ ಹೊಲಿದು, ನಿನ್ನ ಹುಟ್ಟುಹಬ್ಬಕ್ಕೆ ಕೊಟ್ಟೆ. ನೀನು ಅದನ್ನು ಹಿಡಿದು ಬೆಟ್ಟಕ್ಕೇ ಹೊರಟೆ. ಮಾಡಿದ್ದುಣ್ಣೋ ಮಾರಾಯ ಅಂದರೆ ಇದೇ.

ಆದರೆ ಶನಿವಾರ ಮಧ್ಯಾಹ್ನ ತೊರೆಯ ಮೇಲಿನ ಹಿಮದ ಸೇತುವೆ ದಾಟಿ ಇಳಿಯುತ್ತೇನೆ, ಇದೇ ಸುಲಭದ ದಾರಿ ಎಂದು ಅಜ್ಜ ಬರೆದಿದ್ದಾನೆ, ದುರ್ಬೀನಿನಲ್ಲಿ ನೋಡಿದರೆ ಹಿಮ ಗಟ್ಟಿಯಾಗೇ ಕಾಣುತ್ತದೆ ಎಂದೆಯಲ್ಲ, ಅದನ್ನು ಓದಿದಾಗಿನಿಂದಲೇ ನನ್ನ ರಟ್ಟುಗಳು ತಲೆಕೆಳಗಾಗುತ್ತಿವೆ. ಬಂದ ದಾರಿಯಲ್ಲೇ ಇಳಿದರೆ ನಿನ್ನಪ್ಪನ ಗಂಟೇನು ಹೋಗುತ್ತದೆ? ಒಂದು ದಿನ ಹೆಚ್ಚಾಗುತ್ತದೆ, ಅಷ್ಟೆ. ಮಳೆ ಬರಬಹುದು. ಬೂಟು ಬೇರೆ ಹೊಸದು. ಚಿಕ್ಕಂದಿನಲ್ಲಿ ನಿನಗೆ ಮೆಟ್ಟಿಲು ಇಳಿಯಲಿಕ್ಕೇ ಬರುತ್ತಿರಲಿಲ್ಲ, ಕೂತು ಜಾರುತ್ತಿದ್ದೆ. ಇವು ಕಾರಣಗಳೇ ಅಲ್ಲ ಎಂದು ನನಗೂ ಗೊತ್ತು, ಆದರೂ ಬರೆಯುತ್ತಿದ್ದೇನೆ.

ಈಗಷ್ಟೇ ನಿನ್ನ ಅಮ್ಮ ಬಂದು, "ಅಜ್ಜನ ಪುಸ್ತಕದ ಆ ಗೆದ್ದಲು ತಿಂದ ಹದಿನಾರು ಪುಟದಲ್ಲಿ ಏನಿತ್ತೋ ಏನೋ" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಅಂಟಿನ ಡಬ್ಬಿ ಉರುಳಿಸಿದೆ. ಪುಸ್ತಕ ಕೊಟ್ಟ ದಿನ ನೀನೂ ಕೇಳಿದ್ದೆ, "ನೂರಹನ್ನೆರಡಾದ ಮೇಲೆ ನೂರಿಪ್ಪತ್ತೊಂಬತ್ತು ಬರುತ್ತಲ್ಲಪ್ಪಾ?" ಎಂದು. ನಡುವಿನದನ್ನು ಗೆದ್ದಲು ತಿಂದಿದೆ ಎಂದು ನಾನು ಹೇಳಿದ್ದೆ.

ಹುಷಾರು ಮಗಳೇ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಅಮ್ಮನ ಮುತ್ತುಗಳು, ನನ್ನ ಆಶೀರ್ವಾದ.

ನಿನ್ನ ಅಪ್ಪ

ಮರೆತೆ: ಬಸ್ಸಿನ ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಶುಕ್ರವಾರ ನೀನಿರುವ ಬಿಡಾರಕ್ಕೆ ಸಾಮಾನು ತರುವಾಗ ಇದನ್ನು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಆ ಪುಟಗಳನ್ನು ಗೆದ್ದಲು ತಿಂದಿಲ್ಲ ಗುಬ್ಬೀ. ಆ ಗೆದ್ದಲು ನಾನೇ. ಬೆಟ್ಟದ ತುದಿಯಲ್ಲಿ ಒಬ್ಬನೇ ಒಂದು ವಾರ ಕಳೆಯದವನ ಬದುಕೇ ವ್ಯರ್ಥ ಎಂದು ಅಜ್ಜ ಆ ಅಧ್ಯಾಯದ ಮೊದಲಲ್ಲೇ ಬರೆದಿದ್ದ. ಅದನ್ನು ಓದಿದರೆ ನೀನು ಒಂಟಿಯಾಗಿ ಹೊರಡುತ್ತೀಯ ಎಂದು ಹೆದರಿ, ಮುಂದೆ ಓದದೆ, ಹೊಲಿಯುವಾಗ ಅಷ್ಟನ್ನೂ ತೆಗೆದಿಟ್ಟೆ. ನೀನು ಹೇಗೂ ಒಂಟಿಯಾಗಿಯೇ ಹೊರಟೆ. ಮೊನ್ನೆ ನಿನ್ನ ಕಾಗದ ನೋಡಿ ಕೊನೆಯವರೆಗೆ ಓದಿದೆ. ಆ ಸೇತುವೆಯನ್ನು ಬೆಳಕು ಹರಿಯುವ ಮುಂಚೆ ಮಾತ್ರ ದಾಟಬೇಕಂತೆ. ಬಿಸಿಲೇರಿದರೆ ಕೆಳಗಿನಿಂದ ಕರಗುತ್ತದಂತೆ, ಮೇಲಿನಿಂದ ಗಟ್ಟಿಯಾಗೇ ಕಾಣುತ್ತದಂತೆ. ಅಜ್ಜನ ಜೊತೆಗಾರ ಕಾಲಿಟ್ಟಿದ್ದು ಮಧ್ಯಾಹ್ನ. ಅವನು ಸಿಗಲೇ ಇಲ್ಲ. ಹದಿನಾರು ಪುಟವೂ ಇದರ ಜೊತೆ ಇಟ್ಟಿದ್ದೇನೆ, ನೀನೇ ಓದು. ಆ ಕಡೆ ಇಳಿಯಬೇಡ. ನನ್ನನ್ನು ಬೈಯುವುದಕ್ಕಾದರೂ ಮನೆಗೆ ಬಾ.