ಬಂಡೆ ಹಿಂದಿನ ನೀಲಿ ನೊಣ

ಕಾಡಂಚಿನ ಮನೆ
ಭಾನುವಾರ, ಮಧ್ಯಾಹ್ನ

ನನ್ನ ಮೊಂಡು ಯಜಮಾನರಿಗೆ,

ಕ್ಷೇಮವಾ ಅಂತ ಕೇಳಲು ಮನಸ್ಸಿಲ್ಲ, ಕೋಪ ಇನ್ನೂ ಆರಿಲ್ಲ. ಆದರೆ ಪಂದ್ಯ ಗೆದ್ದವರು ಸೋತವರಿಗೆ ತಿಳಿಸಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅತ್ತೆಯವರ ಮಂಡಿನೋವು ಹೇಗಿದೆ? ಅವರ ನೊಣದ ಸೊಸೆ ಕೇಳಿದಳು ಅಂತ ಹೇಳಿ.

ಇಲ್ಲಿ ಕಾಡು ಒಣಗಿ ನಿಂತಿದೆ. ಮಳೆಗಾಲದಲ್ಲಿ ಅತ್ತಿಹಣ್ಣು ಉದುರಿ ಕೊಳೆಯುವಾಗ ನಮ್ಮ ಸಂಶೋಧನೆಗೆಂದು ಮರಕ್ಕೆ ಕಟ್ಟಿದ ಒಂದೊಂದು ಸೀಸೆಯಲ್ಲೂ ಹಣ್ಣುನೊಣಗಳು ಕಿಕ್ಕಿರಿದು, ನೀನು ಎಣಿಸು, ನೀವು ಎಣಿಸಿ ಅಂತ ಜಗಳವಾಗುತ್ತಿತ್ತಲ್ಲ. ಈಗ ಅದೇ ಮರಗಳಿಗೆ ಅದೇ ಸೀಸೆ ಕಟ್ಟಿ, ಹುಳಿಬಂದ ಬಾಳೆಹಣ್ಣು ಇಟ್ಟರೂ ಇರುವೆ ಬಿಟ್ಟರೆ ಯಾರೂ ಹತ್ತಿರ ಸುಳಿಯುವುದಿಲ್ಲ. ಕಾವಲುಗಾರ ತಾತ ನಿನ್ನೆ, "ಎಲ್ರೂ ನೊಣ ಓಡಿಸ್ತಾರೆ, ನೀವೊಬ್ರು ಹಣ್ಣಿಟ್ಟು ಕರೀತೀರಲ್ಲಮ್ಮ" ಅಂದರು. ತುಂಬ ದಿನದ ಮೇಲೆ ನಕ್ಕೆ.

ಬೇಸಿಗೆಯಲ್ಲಿ ಇವು ಎಲ್ಲಿಗೆ ಹೋಗುತ್ತವೆ ಎಂಬುದು ನಮ್ಮ ಮದುವೆಗಿಂತ ಹಳೆಯ ಜಗಳ. ಎಲ್ಲ ಸಾಯುತ್ತವೆ, ಮಳೆ ಬಿದ್ದ ಮೇಲೆ ಬೇರೆ ಕಡೆಯಿಂದ ಹೊಸವು ಬರುತ್ತವೆ ಅಂತ ನೀವು. ಇಲ್ಲೇ ಎಲ್ಲೋ ತಂಪಿನಲ್ಲಿ, ಮೊಟ್ಟೆಯಿಡದೆ, ಜೀವ ಹಿಡಿದುಕೊಂಡು ಕಾಯುತ್ತವೆ ಅಂತ ನಾನು. ಅದನ್ನು ತೀರ್ಮಾನ ಮಾಡಲೆಂದೇ ಕಳೆದ ಮಳೆಗಾಲದ ಕೊನೆಗೆ ನೀವು ನೊಣಗಳಿಗೆ ನೀಲಿ ಪುಡಿ ಹಚ್ಚಿ ಬಿಟ್ಟಿರಿ, ನೇರಳೆ ದೀಪದಡಿ ಹಿಡಿದರೆ ಹೊಳೆಯುವ ಪುಡಿ. ಮುಂದಿನ ಮಳೆ ಬೀಳುವ ಮೊದಲು ಅವುಗಳಲ್ಲಿ ಒಂದು ಸಿಕ್ಕರೂ ನಾನು ಗೆದ್ದ ಹಾಗೆ.

ಅದೇ ವಾರ ಮಗು ಹೋಯಿತು. ಅವಳಿಗೆ ಒಂದು ಹೆಸರು ಕೂಡ ಹುಡುಕಿರಲಿಲ್ಲ, ಗುಬ್ಬಿ ಅನ್ನುತ್ತಿದ್ದೆವು. ಆಮೇಲೊಂದು ದಿನ ಊಟದ ಮೇಜಿನಲ್ಲಿ ನೀವು, "ಹೋದದ್ದು ಹೋಯ್ತು ಕಣೇ, ಇನ್ನೊಂದು ಬರುತ್ತೆ" ಅಂದಿರಿ. ನೊಣದ ಬಗ್ಗೆ ಹೇಳುವ ಅದೇ ದನಿಯಲ್ಲಿ. ನಾನು ತಟ್ಟೆ ಎತ್ತಿ ಗೋಡೆಗೆ ಎಸೆದೆ. ಸಮಾಧಾನಕ್ಕೆ ಹೇಳಿದಿರಿ ಅಂತ ಆಗಲೂ ಗೊತ್ತಿತ್ತು. ಆದರೂ ಹೆತ್ತ ಹೊಟ್ಟೆ ಕೇಳಬೇಕಲ್ಲ.

ಅತ್ತೆಯವರ ಮನೆಗೆ ಹೊರಟ ದಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು ನೀವೇ ಹೇಳಿದ್ದು: "ನೀಲಿ ನೊಣ ಒಂದು ತೋರ್ಸು, ವಾಪಸ್ ಬರ್ತೀನಿ. ಇಲ್ದಿದ್ರೆ ಮಳೆ ಬಂದಾಗ ಸೀಸೆ ಎಲ್ಲ ಇಳಿಸ್ಬಿಡು. ನಿನ್ ದಾರಿ ನಿಂಗೆ, ನನ್ ದಾರಿ ನಂಗೆ." ನಾನೂ ಹಟಕ್ಕೆ ಆಗಲಿ ಅಂದೆ. ಬೇರೆಯವರು ಗಂಡ ಹೆಂಡಿರ ನ್ಯಾಯಕ್ಕೆ ಹಿರಿಯರನ್ನು ಕರೆಯುತ್ತಾರೆ, ನಾವು ನೊಣವನ್ನು ಕರೆದೆವು.

ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದೇನೆ. ಇವತ್ತು ಬೆಳಿಗ್ಗೆ ಸಿಕ್ಕಿತು! ತೊರೆ ಬತ್ತಿದೆ, ಆದರೆ ದೊಡ್ಡ ಬಂಡೆಯ ಹಿಂದಿನ ಅತ್ತಿಮರದ ಪೊಟರೆ ಇನ್ನೂ ಒದ್ದೆ. ಬಲೆ ಬೀಸಿದೆ. ಒಂದೇ ಒಂದು ಹೆಣ್ಣುನೊಣ. ಮನೆಗೆ ತಂದು, ಪರದೆ ಎಳೆದು, ದೀಪದಡಿ ಹಿಡಿದರೆ ರೆಕ್ಕೆಯ ಬುಡದಲ್ಲಿ ನೀಲಿ. ಕುರ್ಚಿಯಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ. ಇಷ್ಟು ದಿನ ಗುಬ್ಬಿಗಾಗಿ ಅಳುತ್ತಿದ್ದೆನೋ ನಿಮಗಾಗಿ ಅಳುತ್ತಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ. ಇವತ್ತು ಇಬ್ಬರಿಗೂ ಸೇರಿಸಿ ಅತ್ತೆನೆಂದು ಕಾಣುತ್ತದೆ.

ಇನ್ನು ನೀವು ಮಾತಿಗೆ ತಪ್ಪಬಾರದು. ಹಾಗಂತ ನಿಮ್ಮ ದಾರಿ ಕಾಯುತ್ತ ಕೂತಿದ್ದೇನೆ ಅಂದುಕೊಳ್ಳಬೇಡಿ, ನನಗೆ ಕೈತುಂಬ ಕೆಲಸವಿದೆ. ನಿಮ್ಮ ಬಟ್ಟೆಯೆಲ್ಲ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದ್ದೇನೆ, ಅಲ್ಲಿಂದ ಮುಟ್ಟಿಲ್ಲ. ನಾಳೆಯದು ಬಿಟ್ಟು ಮುಂದಿನ ಸೋಮವಾರದ ಬಸ್ಸಿಗೆ ತಾತನನ್ನು ಕಳಿಸುತ್ತೇನೆ, ಚೀಲ ಹೊರಲು.

ಇಂತಿ,
ಪಂದ್ಯ ಗೆದ್ದ
ನಿಮ್ಮ ನೊಣದವಳು

ವಿ.ಸೂ.: ಕವರ್ ಅಂಟಿಸುವ ಮೊದಲು ಅದನ್ನು ಇನ್ನೊಮ್ಮೆ ಕಣ್ತುಂಬ ನೋಡೋಣ ಅಂತ ಪರದೆ ಎಳೆದು ದೀಪ ಹಾಕಿದೆ. ನೊಣಕ್ಕಿಂತ ಮೊದಲು ನನ್ನ ತೋಳು ಹೊಳೆಯಿತು. ಅಂಗೈಯಿಂದ ಮೊಣಕೈವರೆಗೂ ನೀಲಿ. ಬಲೆಯ ಬಟ್ಟೆಯಲ್ಲೂ ನೀಲಿ. ಬೆಳಿಗ್ಗೆಯೂ ಇದ್ದಿರಬೇಕು, ನನಗೆ ನೊಣ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಪೆಟ್ಟಿಗೆಯ ಮಾತು ಸುಳ್ಳು. ಪುಡಿ ಹಚ್ಚುವಾಗ ನೀವು ಹಾಕಿದ್ದ ಆ ಶರ್ಟನ್ನು ನಾನು ಒಗೆಯಲೇ ಇಲ್ಲ. ದಿನಾ ಕಾಡಿಗೆ ಅದನ್ನೇ ಹಾಕಿಕೊಂಡು ಹೋಗುತ್ತೇನೆ, ಈಗಲೂ ಮೈಮೇಲಿದೆ. ನೊಣಕ್ಕೆ ಪುಡಿ ಅಂಟಿದ್ದು ಶರ್ಟಿನ ತೋಳಿನಿಂದಲೇ ಇರಬೇಕು. ಈ ನೊಣ ಹಳೆಯದೋ ಹೊಸದೋ ಇನ್ನು ಯಾರೂ ಹೇಳಲಾರರು. ಹಾಗಾಗಿ ನಾನು ಗೆದ್ದಿಲ್ಲ. ಈ ಸಾಲುಗಳನ್ನು ಬರೆಯದೆ ಕವರ್ ಅಂಟಿಸಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ, ಕೈ ಬರಲಿಲ್ಲ. ಮಳೆ ಬಿದ್ದ ದಿನ ಸೀಸೆ ಇಳಿಸುತ್ತೇನೆ. ಶರ್ಟು ಕೊಡುವುದಿಲ್ಲ. ಸೋಮವಾರ ಬಸ್ಸಿನ ಹತ್ತಿರ ಹೋಗಬೇಕೆಂದು ತಾತನಿಗೆ ಆಗಲೇ ಹೇಳಿಬಿಟ್ಟಿದ್ದೆ. ಬೇಡ ಅನ್ನಲು ಬಾಯಿ ಬರುತ್ತಿಲ್ಲ.