ಹಾಸಿಗೆಯ ಮೂಲೆಯಲ್ಲಿ ಹೊಲಿದ ಹೆಸರು

ಜೂನ್ ೧೪, ಶುಕ್ರವಾರ
ಅಂಗಡಿಯಿಂದ

ನನ್ನ ಪುಟ್ಟಿಗೆ,

ಅಜ್ಜಿಯ ಮುತ್ತುಗಳು. ಅರ್ಧ ನಿನಗೆ, ಅರ್ಧ ಕೂಸಿಗೆ. ನಿನ್ನ ಕಾಗದ ಬಂದು ವಾರವಾಯಿತು, ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಆಸ್ಪತ್ರೆಯವರ ಹಾಸಿಗೆಗಳೆಲ್ಲ ರಿಪೇರಿಗೆ ಒಟ್ಟಿಗೇ ಬಂದು ಬಿದ್ದಿದ್ದವು. ಸಾಲದ್ದಕ್ಕೆ ದಬ್ಬಣ ಹೆಬ್ಬೆರಳಿಗೆ ಚುಚ್ಚಿ ಪೆನ್ನು ಹಿಡಿಯಲಾಗಲಿಲ್ಲ. ಈಗ ವಾಸಿ. ಅಕ್ಷರ ಸೊಟ್ಟಗಿದ್ದರೆ ಅದು ಗಾಯದ ತಪ್ಪಲ್ಲ, ಮೊದಲಿನಿಂದಲೂ ಹಾಗೆಯೇ.

ಮಗು ಹಾಲು ಚೆನ್ನಾಗಿ ಕುಡಿಯುತ್ತಾಳೆ ಎಂದು ಬರೆದಿದ್ದೀಯ, ಸಂತೋಷ. ಇನ್ನು ನೀನು ಕೇಳಿದ ವಿಷಯ.

ನಮ್ಮದು ಹಾಸಿಗೆ ಹೊಲಿಯುವ ಮನೆ. ಹುಟ್ಟುವ ಮಗುವಿಗೆ ಪುಟ್ಟ ಹಾಸಿಗೆ ಮಾಡುವಾಗ, ಹತ್ತಿ ತುಂಬುವ ಮೊದಲೇ ಗವಸಿನ ಮೂಲೆಯಲ್ಲಿ ಹೆಸರು ಹೊಲಿಯುತ್ತೇವೆ. ತುಂಬಿದ ಮೇಲೆ ಬಟ್ಟೆ ಉಬ್ಬಿ ಅಕ್ಷರ ಕೂರುವುದಿಲ್ಲ. ಹೀಗಾಗಿ ನಮ್ಮಲ್ಲಿ ಮಗುವಿಗಿಂತ ಮೊದಲು ಹೆಸರು ಹುಟ್ಟುತ್ತದೆ. ನಿನ್ನ ಹೊಟ್ಟೆ ನೋಡಿದವರೆಲ್ಲ ಗಂಡೇ ಎಂದರು. ಹೋದ ವರ್ಷ ತೀರಿಕೊಂಡ ನನ್ನ ತಮ್ಮನ ಹೆಸರೇ ಇರಲಿ ಎಂದು ನೀನೂ ಆಸೆಪಟ್ಟೆ. ನಾನು ‘ನೋಹ’ ಎಂದು ನೀಲಿ ದಾರದಲ್ಲಿ ಹೊಲಿದು ಕಳಿಸಿದೆ. ಬಂದವಳು ಹೆಣ್ಣು. ಈಗ ನಿನ್ನ ಅತ್ತೆ, “ಶಾಲೇಲಿ ಹುಡುಗರ ಸಾಲಲ್ಲಿ ಕೂರಿಸ್ತಾರೆ. ತಿಂಗಳ ಕೊನೇ ಭಾನುವಾರ ಹೆಸರಿಡೋದ್ರೊಳಗೆ ಆ ಹೊಲಿಗೆ ಬಿಚ್ಚಿ ಹಾಕು” ಎನ್ನುತ್ತಾರೆ. ನಿನಗೋ, ಅವಳನ್ನು ಹೊಟ್ಟೆಯಲ್ಲಿದ್ದಾಗಿನಿಂದ ಅದೇ ಹೆಸರಿನಿಂದ ಕರೆದು ನಾಲಿಗೆಗೆ ಅಂಟಿಬಿಟ್ಟಿದೆ. ಬಿಚ್ಚಲೇ, ಬೇಡವೇ ಎಂದು ಕೇಳಿದ್ದೀಯ.

ನಿನ್ನ ಕಾಗದವನ್ನು ಅಂಗಡಿಯಲ್ಲೇ ಎಲ್ಲರಿಗೂ ಓದಿ ಹೇಳಿದೆ. ತಪ್ಪು ತಿಳಿಯಬೇಡ. ಇಲ್ಲಿ ಬಾಗಿಲು ಮುಚ್ಚಿದರೆ ಹತ್ತಿ ಧೂಳಿಗೆ ಉಸಿರು ಕಟ್ಟುತ್ತದೆ, ತೆರೆದರೆ ಗುಟ್ಟು ನಿಲ್ಲುವುದಿಲ್ಲ.

ನಿನ್ನ ಸೋದರಮಾವ ಮೊದಲು ಬಾಯಿ ಹಾಕಿದ. “ಹೆಸರಿಗೇನು ಬರಗಾಲವಾ ಅಮ್ಮ? ಅದು ಗಡ್ಡ ಬಿಟ್ಟವರ ಹೆಸರು. ಬೈಬಲಲ್ಲಿ ಪ್ರಳಯಕ್ಕೆ ಮುಂಚೆ ಅಷ್ಟು ದೊಡ್ಡ ನಾವೆ ಕಟ್ಟಿದೋನದು.”

ಹತ್ತಿ ಹಿಂಜುವ ನಮ್ಮ ಮುದುಕಪ್ಪ ತಲೆ ಎತ್ತದೆಯೇ, “ಕಟ್ಟಿದ್ದು ಅವನೇ ಇರಬಹುದು ಬಿಡಪ್ಪ. ಒಳಗೆ ಅಷ್ಟೂ ಪ್ರಾಣಿಗಳ ಸಗಣಿ ಬಾಚಿದ್ದು ಯಾರು?” ಎಂದ.

ದಿಂಬಿಗೆ ಹತ್ತಿ ತುಂಬಿಸಲು ಬಂದಿದ್ದ ಪಾದ್ರಿಗಳು ನಕ್ಕುಬಿಟ್ಟರು. “ನಾಲ್ಕು ಜನ ಹೆಂಗಸರಿದ್ದರು. ಅವನ ಹೆಂಡತಿ, ಮೂವರು ಸೊಸೆಯರು. ಒಬ್ಬರ ಹೆಸರೂ ಬರೆದಿಲ್ಲ” ಎಂದರು.

“ಹಾಗಾದ್ರೆ ನಾಲ್ಕು ಹೆಸರು ಬಾಕಿ ಇದೆ. ಅವನದೊಂದನ್ನ ನಮ್ಮ ಕೂಸಿಗೆ ಕೊಡಲಿ ಬಿಡಿ” ಎಂದಳು ನನ್ನ ಸೊಸೆ.

“ಇಡಬಹುದಮ್ಮ, ಇಡಬಾರದು ಅಂತ ಎಲ್ಲೂ ಇಲ್ಲ. ಆ ಹೆಸರಿಗೆ ವಿಶ್ರಾಂತಿ ಅಂತ ಅರ್ಥ ಹೇಳ್ತಾರೆ” ಎಂದರು ಪಾದ್ರಿಗಳು.

“ವಿಶ್ರಾಂತಿನಾ? ಹೆಂಗಸಿಗೆ ಹೆಸರಲ್ಲಾದ್ರೂ ಸಿಗಲಿ” ಎಂದು ಅವಳು ಕತ್ತರಿ ಕೆಳಗಿಟ್ಟು ಒಳಗೆ ಹೋದಳು. ನಿನ್ನ ಮಾವ ಆಮೇಲೆ ಟೀ ಲೋಟಗಳನ್ನು ತಾನೇ ತೊಳೆದ.

ನಾನು ಓದಿದವಳಲ್ಲ. ಅಕ್ಷರ ಕಲಿತದ್ದೂ ಹಾಸಿಗೆ ಮೂಲೆಯ ಹೆಸರುಗಳ ಮೇಲೆ ಬೆರಳಾಡಿಸಿ. ಆದರೂ ಕೇಳಿದ್ದೀಯಲ್ಲ, ಹೇಳುತ್ತೇನೆ. ಹೆಸರು ಹೊಸ ಹಾಸಿಗೆಯಿದ್ದಂತೆ. ಮೊದಮೊದಲು ಗಡುಸು, ಎಲ್ಲೆಲ್ಲೋ ಒತ್ತುತ್ತದೆ. ಮಲಗುತ್ತ ಮಲಗುತ್ತ ಮೈಯ ಆಕಾರಕ್ಕೇ ಬಂದುಬಿಡುತ್ತದೆ. ಶಾಲೆಯಲ್ಲಿ ಮಕ್ಕಳು ನಗುವುದಿಲ್ಲ ಎಂದು ನಾನು ಹೇಳಲಾರೆ. ನಗುತ್ತವೆ. ನಿನ್ನ ಹಲ್ಲಿನ ಸಂದಿ ನೋಡಿ ನಗಲಿಲ್ಲವೇ? ನಕ್ಕವರೇ ನಿನ್ನ ಮದುವೆಗೆ ಬಂದು ಉಂಡು ಹೋದರು.

ಅತ್ತೆಯ ಮೇಲೆ ರೇಗಬೇಡ. ಮಗುವನ್ನು ಯಾರೂ ನೋಯಿಸದಿರಲಿ ಎಂಬುದೇ ಅವರ ಆಸೆ. ಪಕ್ಕದಲ್ಲಿ ಕೂತು ಮಾತಾಡು. ಕೊನೆಗೆ ಬೇರೆ ಹೆಸರೇ ಆದರೂ ನನಗೆ ಬೇಸರವಿಲ್ಲ. ಆ ಹಾಸಿಗೆಯನ್ನು ಇದ್ದ ಹಾಗೆಯೇ ಸುತ್ತಿ ನನಗೆ ಕಳಿಸು, ಅವಳಿಗೆ ಹೊಸದು ಮಾಡಿಕೊಡುತ್ತೇನೆ. ಹೊಲಿಗೆ ಮಾತ್ರ ಬಿಚ್ಚಬೇಡ.

ಕೂಸಿಗೆ ಗಟ್ಟಿ ನಿದ್ದೆ ಬರಲಿ, ಆ ನೆಪದಲ್ಲಿ ನಿನಗೂ ಒಂದು ಗಳಿಗೆ ಕಣ್ಣು ಹತ್ತಲಿ.

ನಿನ್ನ
ಅಜ್ಜಿ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಯಾಕೆ ಬಿಚ್ಚಬಾರದು ಎಂದು ನೀನು ಕೇಳಿಯೇ ಕೇಳುತ್ತೀಯ. ನಾನು ಹುಟ್ಟುವ ಮೊದಲೂ ಮನೆಯವರು ಗಂಡೆಂದೇ ನಂಬಿ ಹೆಸರು ಹೊಲಿದಿಟ್ಟಿದ್ದರು. ನಾನು ಬಂದ ದಿನವೇ ಅಪ್ಪ ಅದನ್ನು ಬಿಚ್ಚಿದರಂತೆ. ಬೇರೆ ಹೆಸರು ಹೊಲಿಯಲು ಯಾರಿಗೂ ಪುರುಸೊತ್ತಾಗಲಿಲ್ಲ. ಆಮೇಲೆ ತಮ್ಮ ಹುಟ್ಟಿದ, ಅವನಿಗೆ ಹೊಸ ಹಾಸಿಗೆ ಬಂತು. ದಾರ ತೆಗೆದರೂ ಗವಸಿನ ಬಟ್ಟೆಯಲ್ಲಿ ಸೂಜಿಯ ತೂತು ಮುಚ್ಚುವುದಿಲ್ಲ, ಪುಟ್ಟಿ. ಅಕ್ಷರ ಕಲಿತ ಮೇಲೆ ಒಂದು ದಿನ ನನ್ನ ಹಾಸಿಗೆಯ ಮೂಲೆಯಲ್ಲೂ ಬೆರಳಾಡಿಸಿದೆ. ನೋಹ ಎಂದಿತ್ತು. ಆಮೇಲೆ ಎಷ್ಟೋ ವರ್ಷ, ಬೀದಿಯಲ್ಲಿ ಯಾರಾದರೂ ತಮ್ಮನನ್ನು ಕೂಗಿದರೆ ನಾನೂ ತಿರುಗಿ ನೋಡುತ್ತಿದ್ದೆ.